ಯಕೃತ್ತಿನ ಗಡ್ಡೆಗೆ ಮೈಕ್ರೋವೇವ್ ಚಿಕಿತ್ಸೆ: ಉದ್ದಿಮೆದಾರರು ತಿಳಿದಿರಬೇಕಾದ ಸಂಗತಿಗಳು

ಈ ಪತ್ರಿಕೆಯ ಓದುಗ ಬಾಂಧವರು ನನ್ನಿಂದ ಸಾಮಾನ್ಯವಾಗಿ ನಿರೀಕ್ಷಿಸುವುದು ಜಿಎಸ್‌ಟಿ ರಿಟರ್ನುಗಳ ಬಗೆಗೋ ಆದಾಯ ತೆರಿಗೆಯ ಕಡಿತಗಳ ಬಗೆಗೋ ಒಂದು ಬರಹವನ್ನು. ಈ ಸಂಚಿಕೆಗೆ ವೈದ್ಯಕೀಯ ವಿಷಯವೊಂದನ್ನು ಆರಿಸಿಕೊಳ್ಳಲು ಕಾರಣವಿದೆ. ಕಳೆದ ಕೆಲವು ವರ್ಷಗಳಲ್ಲಿ ಇಬ್ಬರು ಕಕ್ಷಿದಾರರ ಆಸ್ಪತ್ರೆಯ ಕಡತಗಳು ವಿಮಾ ಕ್ಲೇಮಿನ ಸಲುವಾಗಿ ನನ್ನ ಮೇಜಿಗೆ ಬಂದವು. ಇಬ್ಬರೂ ಐವತ್ತೈದು ದಾಟಿದವರು, ಇಬ್ಬರೂ ಏಕಮಾಲೀಕತ್ವದ ವ್ಯವಹಾರಸ್ಥರು, ಇಬ್ಬರಿಗೂ ಯಕೃತ್ತಿನಲ್ಲಿ ಗಡ್ಡೆ. ಒಬ್ಬರು ಚಿಕಿತ್ಸೆಯ ಮರುದಿನವೇ ಮನೆಗೆ ಮರಳಿ, ಮುಂದಿನ ವಾರ ತಮ್ಮ ಎಣ್ಣೆ ಗಿರಣಿಯ ಗಲ್ಲಾದ ಮುಂದೆ ಕುಳಿತಿದ್ದರು. ಮತ್ತೊಬ್ಬರ ವ್ಯವಹಾರವನ್ನು ಅವರ ಮಕ್ಕಳು ಹತ್ತು ತಿಂಗಳೊಳಗೆ ಮುಚ್ಚಬೇಕಾಯಿತು. ಮೊದಲನೆಯವರಿಗೆ ದೊರೆತ ಚಿಕಿತ್ಸೆಯ ಹೆಸರು ಮೈಕ್ರೋವೇವ್ ಅಬ್ಲೇಶನ್. ಎರಡನೆಯವರಿಗೆ ಅದು ಏಕೆ ದೊರೆಯಲಿಲ್ಲ ಎಂಬುದೇ ಈ ಲೇಖನದ ಮುಖ್ಯ ವಿಷಯ.

ನಾನು ವೈದ್ಯನಲ್ಲ. ಕಡತಗಳನ್ನು ಅರ್ಥಮಾಡಿಕೊಳ್ಳುವ ಸಲುವಾಗಿ ತಜ್ಞರಿಂದ ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ನಿರೂಪಿಸಿದ್ದೇನೆ. ಚಿಕಿತ್ಸೆಯ ವಿಚಾರದಲ್ಲಿ ತಜ್ಞ ವೈದ್ಯರ ಮಾತೇ ಅಂತಿಮವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಯಕೃತ್ತು ಮತ್ತು ಅದರ ಶತ್ರುಗಳು

ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ಯಕೃತ್ತು, ಅಂದರೆ ಲಿವರ್, ದೇಹದೊಳಗಿನ ಅಂಗಗಳಲ್ಲಿ ಅತ್ಯಂತ ದೊಡ್ಡದು. ಅದರ ತೂಕ ಸುಮಾರು ಒಂದೂವರೆ ಕಿಲೋಗ್ರಾಮ್. ಆರೋಗ್ಯವಂತ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗ ಮತ್ತೆ ಬೆಳೆಯುತ್ತದೆ. ಆದರೆ ಯಕೃತ್ತಿನಲ್ಲಿಯೇ ಹುಟ್ಟುವ ಕ್ಯಾನ್ಸರ್ ಬಹುತೇಕ ಬರುವುದು ಆರೋಗ್ಯವಂತ ಯಕೃತ್ತಿಗಲ್ಲ, ವರ್ಷಗಳ ಕಾಲ ಗಾಯಗೊಂಡು ಗಂಟುಗಟ್ಟಿದ ಯಕೃತ್ತಿಗೆ. ಈ ಸ್ಥಿತಿಯನ್ನು ಸಿರೋಸಿಸ್ ಎನ್ನುತ್ತಾರೆ. ಅಂತಹ ಯಕೃತ್ತಿನಿಂದ ದೊಡ್ಡ ಭಾಗವನ್ನು ಕತ್ತರಿಸಿದರೆ ಉಳಿದ ಭಾಗಕ್ಕೆ ದೇಹವನ್ನು ನಡೆಸುವ ಶಕ್ತಿ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಪರ್ಯಾಯವನ್ನು ವೈದ್ಯರು ಹುಡುಕಿದ್ದು ಇದೇ ಕಾರಣಕ್ಕೆ.

ಗಾಯಗೊಳಿಸುವ ಕಾರಣಗಳಲ್ಲಿ ಮದ್ಯಪಾನ ಎಲ್ಲರಿಗೂ ತಿಳಿದದ್ದು. ಆದರೆ ಜನ್ಮದಲ್ಲಿ ಒಂದು ತೊಟ್ಟನ್ನೂ ಮುಟ್ಟದವರಿಗೂ ಈ ರೋಗ ಬರುತ್ತದೆ. ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು ದಶಕಗಟ್ಟಲೆ ಸದ್ದಿಲ್ಲದೆ ಯಕೃತ್ತಿನಲ್ಲಿ ನೆಲೆಸಿರಬಲ್ಲವು. ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆಗೂಡಿ ಬರುವ ಫ್ಯಾಟಿ ಲಿವರ್ ಇಂದು ಮುಖ್ಯ ಕಾರಣಗಳಲ್ಲೊಂದಾಗಿದೆ. ದಿನವಿಡೀ ಗಾದಿಯ ಮೇಲೆ ಕುಳಿತು, ಸಂಜೆ ಏಳಕ್ಕೆ ಮಿರ್ಚಿ ಭಜಿ ತರಿಸಿ, ರಾತ್ರಿ ಹತ್ತೂವರೆಗೆ ಊಟ ಮಾಡುವ ನಮ್ಮ ವರ್ತಕ ಸಮುದಾಯಕ್ಕೆ ಇದರ ವಿವರಣೆ ಬೇಕಿಲ್ಲ.

ಇನ್ನೊಂದು ಕಾರಣ ನಮ್ಮ ಗೋದಾಮುಗಳಿಗೇ ಸೇರಿದ್ದು. ಶೇಂಗಾ, ಮೆಕ್ಕೆಜೋಳ, ಒಣಮೆಣಸಿನಕಾಯಿ ತೇವದಲ್ಲಿ ಬೂಷ್ಟು ಹಿಡಿದಾಗ ಕೆಲವು ಜಾತಿಯ ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ರಫ್ತುದಾರರು ಇದನ್ನು ಸರಕು ತಿರಸ್ಕೃತವಾಗುವ ಕಾರಣವೆಂದು ಮಾತ್ರ ಬಲ್ಲರು. ನೇರ ಸೇವನೆಯ ಶೇಂಗಾದಲ್ಲಿ ಯುರೋಪಿಯನ್ ಒಕ್ಕೂಟ ಒಪ್ಪುವ ಒಟ್ಟು ಪ್ರಮಾಣ ಕಿಲೋಗ್ರಾಮಿಗೆ ಕೇವಲ 4 ಮೈಕ್ರೋಗ್ರಾಮ್. ಅಷ್ಟು ಬಿಗಿಯಾದ ಮಿತಿ ಏಕೆಂದರೆ ಅದು ಮನುಷ್ಯರ ಯಕೃತ್ತಿನಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಸಿದ್ಧವಾಗಿರುವ ವಸ್ತು. ಹೆಪಟೈಟಿಸ್ ಬಿ ಸೋಂಕು ಇದ್ದವರಲ್ಲಿ ಅದರ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಯುರೋಪಿಗೆ ಹೋಗಲಾರದ ಚೀಲ ನಮ್ಮ ಮನೆಯ ಚಟ್ನಿಪುಡಿಗೂ ಹೋಗಬಾರದು.

ಇವಲ್ಲದೆ, ದೊಡ್ಡಕರುಳು ಮುಂತಾದ ಬೇರೆ ಅಂಗದ ಕ್ಯಾನ್ಸರ್ ರಕ್ತದ ಮೂಲಕ ಯಕೃತ್ತಿಗೆ ಹರಡಿ ಅಲ್ಲಿ ಗಡ್ಡೆಯಾಗುವುದೂ ಉಂಟು. ಈ ಎರಡು ಬಗೆಯ ಗಡ್ಡೆಗಳ ಚಿಕಿತ್ಸಾಕ್ರಮ ಬೇರೆಯಾದರೂ, ಈಗ ಹೇಳಲಿರುವ ವಿಧಾನ ಎರಡಕ್ಕೂ ಬಳಕೆಯಲ್ಲಿದೆ.

ಅಡುಗೆಮನೆಯ ಒಲೆಯಿಂದ ಸೂಜಿಯ ತುದಿಗೆ

ಅಮೆರಿಕದ ರೇಥಿಯಾನ್ ಕಂಪನಿಯ ಇಂಜಿನಿಯರ್ ಪರ್ಸಿ ಸ್ಪೆನ್ಸರ್ 1945ರಲ್ಲಿ ರೇಡಾರ್ ಯಂತ್ರದ ಬಿಡಿಭಾಗದ ತರಂಗಗಳಿಂದ ಆಹಾರವನ್ನು ಬಿಸಿ ಮಾಡಬಹುದೆಂದು ಕಂಡುಕೊಂಡರು. ಅದರಿಂದ ಮೈಕ್ರೋವೇವ್ ಒಲೆ ಹುಟ್ಟಿತು. ಆ ಒಲೆಯಲ್ಲಿ ಸೆಕೆಂಡಿಗೆ ಸುಮಾರು 245 ಕೋಟಿ ಬಾರಿ ಕಂಪಿಸುವ ತರಂಗಗಳು ಆಹಾರದಲ್ಲಿರುವ ನೀರಿನ ಅಣುಗಳನ್ನು ಅತ್ತಿಂದಿತ್ತ ತಿರುಗಿಸುತ್ತವೆ. ಆ ತಿಕ್ಕಾಟದಿಂದ ಶಾಖ ಹುಟ್ಟುತ್ತದೆ. ಯಕೃತ್ತಿನ ಚಿಕಿತ್ಸೆಯ ಬಹಳಷ್ಟು ಯಂತ್ರಗಳು ಬಳಸುವುದು ಇದೇ 2450 ಮೆಗಾಹರ್ಟ್ಸ್ ತರಂಗವನ್ನು. ಕೆಲವು ಯಂತ್ರಗಳು 915 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಒಲೆಯಲ್ಲಿ ತರಂಗ ಪೆಟ್ಟಿಗೆಯ ತುಂಬ ಹರಡಿದರೆ, ಇಲ್ಲಿ ಸೂಜಿಯಂತಹ ತೆಳುವಾದ ಆಂಟೆನಾದ ತುದಿಯಿಂದ ಹೊರಟು ಸುತ್ತಲಿನ ಕೆಲವೇ ಸೆಂಟಿಮೀಟರುಗಳಿಗೆ ಸೀಮಿತವಾಗುತ್ತದೆ.

ಜೀವಕೋಶ 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಸಾಯುತ್ತದೆ. ಗಡ್ಡೆಯನ್ನೂ ಅದರ ಸುತ್ತ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಭಾಗವನ್ನೂ ಈ ಶಾಖಕ್ಕೆ ಗುರಿಪಡಿಸಿದರೆ ಅದು ಇದ್ದಲ್ಲಿಯೇ ಬೆಂದು ನಿರ್ಜೀವವಾಗುತ್ತದೆ. ಹೊರತೆಗೆಯಬೇಕಾಗಿಲ್ಲ, ದೇಹವೇ ತಿಂಗಳುಗಳ ಅವಧಿಯಲ್ಲಿ ಅದನ್ನು ಕುಗ್ಗಿಸಿ ಕಲೆಯಾಗಿ ಮಾಡುತ್ತದೆ.

ಇದರ ಮೂಲ ಜಪಾನಿನಲ್ಲಿದೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಶಸ್ತ್ರವೈದ್ಯ ಟಬುಸೆ ಅವರು ಯಕೃತ್ತನ್ನು ಕತ್ತರಿಸುವಾಗ ರಕ್ತಸ್ರಾವ ತಡೆಯಲು ಮೈಕ್ರೋವೇವ್ ಉಪಕರಣವನ್ನು ಬಳಸಿದರು. 1994ರಲ್ಲಿ ಸೆಕಿ ಮತ್ತು ಸಂಗಡಿಗರು, ಹೊಟ್ಟೆಯನ್ನು ತೆರೆಯದೆ ಅಲ್ಟ್ರಾಸೌಂಡ್ ನೋಡುತ್ತಾ ಚರ್ಮದ ಮೂಲಕವೇ ಸೂಜಿ ತೂರಿಸಿ 2 ಸೆಂಟಿಮೀಟರ್ ಒಳಗಿನ ಗಡ್ಡೆಗಳನ್ನು ಸುಟ್ಟ ಅನುಭವವನ್ನು ಪ್ರಕಟಿಸಿದರು. ಅದೇ ಕಾಲದಲ್ಲಿ ರೇಡಿಯೋ ತರಂಗಾಂತರದ ವಿದ್ಯುತ್ತಿನಿಂದ ಸುಡುವ ರೇಡಿಯೋಫ್ರೀಕ್ವೆನ್ಸಿ ವಿಧಾನ ಪಾಶ್ಚಾತ್ಯ ದೇಶಗಳಲ್ಲಿ ಬೆಳೆದು, ಹಲವು ವರ್ಷ ಅದೇ ಮುಂದಿತ್ತು.

ಎರಡಕ್ಕೂ ಇರುವ ವ್ಯತ್ಯಾಸ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ರೇಡಿಯೋಫ್ರೀಕ್ವೆನ್ಸಿಯಲ್ಲಿ ವಿದ್ಯುತ್ತು ದೇಹದ ಮೂಲಕ ಹರಿಯಬೇಕು. ತೊಡೆಗೆ ಅಂಟಿಸಿದ ಪಟ್ಟಿಯ ಮೂಲಕ ಅದು ಮರಳಬೇಕು. ಸೂಜಿಯ ಸುತ್ತ ಮಾಂಸ ಕರಕಲಾದರೆ ವಿದ್ಯುತ್ತಿನ ಹರಿವು ಕಡಿಮೆಯಾಗುತ್ತದೆ. ಪಕ್ಕದಲ್ಲಿ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತ ಶಾಖವನ್ನು ಒಯ್ದುಬಿಡುತ್ತದೆ. ಕಾರ್ಖಾನೆಯ ಯಂತ್ರವನ್ನು ತಂಪುಗೊಳಿಸುವ ನೀರಿನ ಕೊಳವೆಯಂತೆಯೇ. ಮೈಕ್ರೋವೇವ್ ತರಂಗಕ್ಕೆ ಕರಕಲಿನ ತಡೆಯಿಲ್ಲ, ತೊಡೆಯ ಪಟ್ಟಿ ಬೇಡ. ಶಾಖ 100 ಡಿಗ್ರಿ ದಾಟಿ ಬೇಗ ಏರುವುದರಿಂದ ರಕ್ತನಾಳದ ತಂಪಿನ ಪ್ರಭಾವವೂ ಕಡಿಮೆ. ಒಂದು ಗಡ್ಡೆಗೆ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷದ ಸುಡುವಿಕೆ ಸಾಕು.

ಹಾಗೆಂದು ಹೆಸರಿಗೆ ಮರುಳಾಗಬೇಕಾಗಿಲ್ಲ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ತುಲನಾತ್ಮಕ ಅಧ್ಯಯನದಲ್ಲಿ, 4 ಸೆಂಟಿಮೀಟರ್ ಒಳಗಿನ ಗಡ್ಡೆಗಳಿಗೆ ಎರಡೂ ವಿಧಾನಗಳ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ನುರಿತ ವೈದ್ಯರಿದ್ದು ಹಳೆಯ ಯಂತ್ರವೇ ಇದ್ದರೆ, ಹೊಸ ಯಂತ್ರವನ್ನು ಹುಡುಕಿಕೊಂಡು ತಿಂಗಳು ಕಳೆಯುವುದು ಜಾಣತನವಲ್ಲ ಎಂದೇ ನನ್ನ ಅಭಿಪ್ರಾಯ.

ಆ ದಿನ ನಡೆಯುವುದೇನು?

ಈ ಕೆಲಸ ಮಾಡುವವರು ಶಸ್ತ್ರವೈದ್ಯರಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಎಂಬ ತಜ್ಞರು. ಬೆಂಗಳೂರಿನಂತಹ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಇಂತಹವರು ದೊರೆಯುತ್ತಾರೆ. ಮೊದಲು ಸಿಟಿ ಅಥವಾ ಎಂಆರ್‌ಐ ಚಿತ್ರಗಳಿಂದ ಗಡ್ಡೆಯ ಅಳತೆ, ಸಂಖ್ಯೆ, ಸ್ಥಾನಗಳನ್ನು ನಿರ್ಧರಿಸುತ್ತಾರೆ. ರಕ್ತ ಹೆಪ್ಪುಗಟ್ಟುವ ಸಾಮರ್ಥ್ಯದ ಪರೀಕ್ಷೆಯಾಗುತ್ತದೆ. ಹೃದಯದ ಸಲುವಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಇದನ್ನು ಮುಂಚಿತವಾಗಿಯೇ ತಿಳಿಸಬೇಕು. ಅರಿವಳಿಕೆ ನೀಡಿ, ಅಲ್ಟ್ರಾಸೌಂಡ್ ಅಥವಾ ಸಿಟಿ ಚಿತ್ರದ ಮಾರ್ಗದರ್ಶನದಲ್ಲಿ ಸೂಜಿಯನ್ನು ಗಡ್ಡೆಯ ಮಧ್ಯಕ್ಕೆ ಒಯ್ಯುತ್ತಾರೆ. ತರಂಗ ಹರಿಸಿ ಸುಟ್ಟ ನಂತರ, ಹೊರಬರುವಾಗ ಸೂಜಿಯ ದಾರಿಯನ್ನೂ ಸುಟ್ಟು ರಕ್ತಸ್ರಾವವನ್ನೂ ಕ್ಯಾನ್ಸರ್ ಕೋಶಗಳು ಹರಡುವುದನ್ನೂ ತಡೆಯುತ್ತಾರೆ. ಚರ್ಮದ ಮೇಲೆ ಉಳಿಯುವುದು ಒಂದು ಸಣ್ಣ ತೂತು, ಅದರ ಮೇಲೊಂದು ಪಟ್ಟಿ.

ಕೆಲವು ದಿನ ಸಣ್ಣ ಜ್ವರ, ಮೈಕೈ ನೋವು, ಆಯಾಸ ಇರುವುದು ಸಹಜ. ರಕ್ತಸ್ರಾವ, ಕೀವು, ಪಿತ್ತನಾಳಕ್ಕೋ ಪಕ್ಕದ ಕರುಳಿಗೋ ಶಾಖ ತಗುಲುವುದು ಮುಂತಾದ ಗಂಭೀರ ತೊಡಕುಗಳು ಅಪರೂಪ, ಆದರೆ ಇಲ್ಲವೆಂದಲ್ಲ. ಗಡ್ಡೆ ಮುಖ್ಯ ಪಿತ್ತನಾಳಕ್ಕೆ ತೀರ ಹತ್ತಿರವಿದ್ದರೆ ವೈದ್ಯರು ಈ ವಿಧಾನವನ್ನು ಒಪ್ಪದಿರಬಹುದು.

ಎಲ್ಲವೂ ಅಳತೆಯ ಮೇಲೆ

ಈ ಚಿಕಿತ್ಸೆ ಅತ್ಯಂತ ಫಲಕಾರಿಯಾಗುವುದು ಗಡ್ಡೆ 3 ಸೆಂಟಿಮೀಟರ್ ಒಳಗಿದ್ದು, ಸಂಖ್ಯೆ ಮೂರನ್ನು ಮೀರದಿರುವಾಗ. 3ರಿಂದ 5 ಸೆಂಟಿಮೀಟರ್ ನಡುವೆ, ಗಡ್ಡೆಯ ರಕ್ತನಾಳವನ್ನು ಮುಚ್ಚುವ ಚಿಕಿತ್ಸೆಯೊಡನೆ ಸೇರಿಸಿ ಪ್ರಯತ್ನಿಸುವುದುಂಟು. 5ನ್ನು ಮೀರಿದರೆ ಭರವಸೆ ಕಡಿಮೆ.

ಎರಡು ಸೆಂಟಿಮೀಟರಿನ ಹೆಚ್ಚುವರಿ ಅಷ್ಟೊಂದು ದೊಡ್ಡದೇ ಎಂದು ನನಗೂ ಅನ್ನಿಸಿತ್ತು. ಲೆಕ್ಕ ಹಾಕಿ ನೋಡಿದೆ. ಸುತ್ತಲೂ ಒಂದು ಸೆಂಟಿಮೀಟರ್ ಅಂಚು ಸೇರಿಸಿದರೆ, 2 ಸೆಂಟಿಮೀಟರಿನ ಗಡ್ಡೆಗೆ ಸುಡಬೇಕಾದ ಗೋಳದ ಗಾತ್ರ ಸುಮಾರು 34 ಘನ ಸೆಂಟಿಮೀಟರ್. 3 ಸೆಂಟಿಮೀಟರಿನ ಗಡ್ಡೆಗೆ ಅದು 65. 5 ಸೆಂಟಿಮೀಟರಿನ ಗಡ್ಡೆಗೆ 180. ಬಡ್ಡಿ ಚಕ್ರಬಡ್ಡಿಗಳನ್ನು ಬಲ್ಲ ನಮಗೆ ಈ ಏರಿಕೆ ಹೊಸದಲ್ಲ. ಆದರೆ ಸ್ಕ್ಯಾನ್ ವರದಿಯನ್ನು ಕೈಯಲ್ಲಿ ಹಿಡಿದವರು ನೋಡುವುದು ವ್ಯಾಸವನ್ನು ಮಾತ್ರ. ಸೂಜಿಯ ಶಾಖ ಸಮನಾಗಿ ತಲುಪಬೇಕಾದ ಗಾತ್ರ ಹೀಗೆ ಬೆಳೆದಷ್ಟೂ ಅಂಚಿನಲ್ಲಿ ಎಲ್ಲಾದರೂ ಜೀವಂತ ಕೋಶ ಉಳಿಯುವ ಸಂಭವ ಹೆಚ್ಚು.

ಸಣ್ಣ ಗಡ್ಡೆಯ ವಿಷಯದಲ್ಲಿ ಸೂಜಿ ಚಾಕುವಿಗೆ ಕಡಿಮೆಯಿಲ್ಲ ಎಂಬುದಕ್ಕೆ ಈಗ ಬಲವಾದ ಆಧಾರವಿದೆ. ನೆದರ್ಲೆಂಡ್ಸ್‌ನ ವೈದ್ಯರ ನೇತೃತ್ವದ ಕೊಲಿಷನ್ ಎಂಬ ಅಧ್ಯಯನದಲ್ಲಿ, ದೊಡ್ಡಕರುಳಿನಿಂದ ಯಕೃತ್ತಿಗೆ ಹರಡಿದ 3 ಸೆಂಟಿಮೀಟರ್ ಒಳಗಿನ ಗಡ್ಡೆಗಳಿದ್ದ ಸುಮಾರು 300 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಶಾಖ ಚಿಕಿತ್ಸೆಯನ್ನೂ ನೀಡಲಾಯಿತು. 2025ರಲ್ಲಿ ಪ್ರಕಟವಾದ ವರದಿಯಂತೆ ಬದುಕುಳಿಯುವಿಕೆಯಲ್ಲಿ ಶಾಖ ಚಿಕಿತ್ಸೆ ಹಿಂದೆ ಬೀಳಲಿಲ್ಲ. ತೊಡಕುಗಳು ಶಸ್ತ್ರಚಿಕಿತ್ಸೆಯಲ್ಲಿ ಶೇಕಡ 46 ಮಂದಿಗೆ, ಶಾಖ ಚಿಕಿತ್ಸೆಯಲ್ಲಿ ಶೇಕಡ 19 ಮಂದಿಗೆ. ಆಸ್ಪತ್ರೆಯ ವಾಸದ ಮಧ್ಯಮಾಂಕ ನಾಲ್ಕು ದಿನಕ್ಕೆ ಪ್ರತಿಯಾಗಿ ಒಂದು ದಿನ. ಫಲಿತಾಂಶ ಸ್ಪಷ್ಟವಾದ ಕಾರಣ ಅಧ್ಯಯನವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಯಕೃತ್ತಿನಲ್ಲಿಯೇ ಹುಟ್ಟಿದ ಕ್ಯಾನ್ಸರಿಗೂ, 2 ಸೆಂಟಿಮೀಟರ್ ಒಳಗಿನ ಒಂಟಿ ಗಡ್ಡೆಗೆ ಅಬ್ಲೇಶನ್ ಇಂದು ಮೊದಲ ಆಯ್ಕೆಗಳಲ್ಲಿ ಒಂದು.

ಮಿತಿಯನ್ನೂ ಹೇಳಬೇಕು. ಸೂಜಿ ಸುಡುವುದು ಗಡ್ಡೆಯನ್ನು, ಸಿರೋಸಿಸ್ ರೋಗವನ್ನಲ್ಲ. ಅಂತಹ ಯಕೃತ್ತಿನ ಬೇರೆ ಮೂಲೆಯಲ್ಲಿ ಐದು ವರ್ಷಗಳೊಳಗೆ ಹೊಸ ಗಡ್ಡೆ ಕಾಣಿಸುವುದು ಅರ್ಧಕ್ಕಿಂತ ಹೆಚ್ಚು ಜನರಲ್ಲಿ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪಾಡೂ ಇದೇ. ಎರಡನ್ನೂ ಒಟ್ಟಿಗೆ ನಿವಾರಿಸುವುದು ಯಕೃತ್ತಿನ ಕಸಿ ಒಂದೇ. ಸೂಜಿಯ ಅನುಕೂಲವೆಂದರೆ ಹೊಸ ಗಡ್ಡೆಯೂ ಸಣ್ಣದಿರುವಾಗಲೇ ಸಿಕ್ಕರೆ ಅದನ್ನು ಮತ್ತೊಮ್ಮೆ ಸುಡಬಹುದು.

ಈಗ ಆರಂಭದಲ್ಲಿ ಹೇಳಿದ ಇಬ್ಬರ ವಿಚಾರ. ಎಣ್ಣೆ ಗಿರಣಿಯವರಿಗೆ ಹೆಪಟೈಟಿಸ್ ಬಿ ಇರುವುದು ರಕ್ತದಾನ ಶಿಬಿರದಲ್ಲಿ ತಿಳಿದಿತ್ತು. ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಿದ್ದರು. ಹನ್ನೊಂದನೆಯ ಸ್ಕ್ಯಾನಿನಲ್ಲಿ 2.1 ಸೆಂಟಿಮೀಟರಿನ ಗಡ್ಡೆ ಕಂಡಿತು. ಮೊದಲ ಹತ್ತು ವರದಿಗಳಲ್ಲಿ ಏನೂ ಇರಲಿಲ್ಲ. ಹತ್ತೂ ಸಲ ದುಡ್ಡು ದಂಡವಾಯಿತೆಂದು ಮನೆಯಲ್ಲಿ ನಗೆಯಾಡಿದ್ದರಂತೆ. ಇನ್ನೊಬ್ಬರಿಗೆ ಹದಿನೈದು ವರ್ಷಗಳ ಸಕ್ಕರೆ ಕಾಯಿಲೆ, ಯಕೃತ್ತು ಹಾಳಾಗುತ್ತಿದೆಯೆಂಬ ವರದಿಯೂ ಕೈಯಲ್ಲಿತ್ತು. ದೀಪಾವಳಿ ಕಳೆಯಲಿ, ಮಾರ್ಚ್ ಲೆಕ್ಕ ಮುಗಿಯಲಿ ಎಂದು ಮೂರು ವರ್ಷ ಸ್ಕ್ಯಾನ್ ಮುಂದೂಡಿದರು. ನೋವು ಬಂದು ಹೋದಾಗ ಗಡ್ಡೆ 8 ಸೆಂಟಿಮೀಟರ್ ದಾಟಿ ರಕ್ತನಾಳವನ್ನು ಹೊಕ್ಕಿತ್ತು. ಈ ಗಡ್ಡೆ ಸಣ್ಣದಿರುವಾಗ ನೋಯುವುದೇ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಸಿರೋಸಿಸ್ ಇರುವವರಿಗೂ, ಹೆಪಟೈಟಿಸ್ ಬಿ ಇರುವವರಲ್ಲಿ ವೈದ್ಯರು ಸೂಚಿಸಿದವರಿಗೂ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಅಗತ್ಯವೆಂಬುದು ವೈದ್ಯಲೋಕದ ಒಮ್ಮತ. ಅದರೊಡನೆ ಎಎಫ್‌ಪಿ ಎಂಬ ರಕ್ತಪರೀಕ್ಷೆಯನ್ನೂ ಹಲವರು ಬರೆದುಕೊಡುತ್ತಾರೆ.

ವಿಮೆ ಮತ್ತು ತೆರಿಗೆ

ಇನ್ನು ನನ್ನ ಕಸುಬಿನ ಭಾಗ. ಒಂದೇ ದಿನದ ಚಿಕಿತ್ಸೆಯೆಂಬುದು ರೋಗಿಗೆ ಅನುಕೂಲ, ಕ್ಲೇಮಿಗೆ ಕೆಲವೊಮ್ಮೆ ತೊಡಕು. 24 ಗಂಟೆಗಳ ದಾಖಲಾತಿ ಇಲ್ಲವೆಂದು ಆಕ್ಷೇಪಣೆ ಬರಬಹುದು. ತಂತ್ರಜ್ಞಾನದ ಪ್ರಗತಿಯಿಂದಾಗಿ 24 ಗಂಟೆಗಿಂತ ಕಡಿಮೆ ಅವಧಿಯಲ್ಲಿ, ಅರಿವಳಿಕೆ ನೀಡಿ, ಆಸ್ಪತ್ರೆಯಲ್ಲಿ ನಡೆಸುವ ಚಿಕಿತ್ಸೆಯನ್ನು ಡೇ ಕೇರ್ ಎಂದು ಪಾಲಿಸಿಗಳು ವ್ಯಾಖ್ಯಾನಿಸುತ್ತವೆ. ಆದ್ದರಿಂದ ಡಿಸ್ಚಾರ್ಜ್ ಸಾರಾಂಶದಲ್ಲಿ ಅರಿವಳಿಕೆಯ ವಿವರವೂ ದಾಖಲಾತಿಯ ವೇಳೆಯೂ ನಮೂದಾಗಿವೆಯೇ ಎಂದು ನೋಡಿಕೊಳ್ಳಬೇಕು. ಹೊರರೋಗಿ ಬಿಲ್ಲಾಗಿ ಬಂದರೆ ಹಣ ಬರುವುದಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ, ಪಾಲಿಸಿಯಿಂದ ಹೊರಗಿಡಬಾರದ ಹನ್ನೆರಡು ಆಧುನಿಕ ಚಿಕಿತ್ಸೆಗಳ ಪಟ್ಟಿಯನ್ನು ಪ್ರಕಟಿಸಿತು. ಅದರಲ್ಲಿ ಮೈಕ್ರೋವೇವ್ ಅಬ್ಲೇಶನ್ ಹೆಸರಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಅದು ಹೊರಗಿಟ್ಟ ಚಿಕಿತ್ಸೆಯಾಗುವುದಿಲ್ಲ. ಸಾಮಾನ್ಯ ಚಿಕಿತ್ಸೆಯಂತೆಯೇ ಅದನ್ನು ಪರಿಗಣಿಸಬೇಕು. ಪರಿಣಾಮ ಸಾಬೀತಾಗದ ಚಿಕಿತ್ಸೆ ಎಂಬ ಷರತ್ತನ್ನು ಮುಂದೊಡ್ಡಿದರೆ, ಚಿಕಿತ್ಸೆ ನೀಡಿದ ವೈದ್ಯರಿಂದ ಇದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಇರುವುದೆಂಬ ಪತ್ರ ಪಡೆದು ಲಿಖಿತವಾಗಿ ಉತ್ತರಿಸಿರಿ. ಮುಂಚಿತವಾಗಿಯೇ ಕ್ಯಾಶ್‌ಲೆಸ್ ಅನುಮತಿ ಕೇಳುವುದು ಇನ್ನೂ ಉತ್ತಮ. 2024ರ ಸುತ್ತೋಲೆಯಂತೆ ವಿಮಾ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ತಿಳಿಸಬೇಕು.

ಬಿಲ್ಲಿನಲ್ಲಿ ಒಮ್ಮೆ ಮಾತ್ರ ಬಳಸುವ ಸೂಜಿಯ ಬೆಲೆ ದೊಡ್ಡ ಬಾಬ್ತು. ಎಷ್ಟು ಸೂಜಿ ಬೇಕಾದೀತು, ಸಿಟಿ ಶುಲ್ಕ ಸೇರಿದೆಯೇ ಎಂಬುದನ್ನು ಅಂದಾಜು ಪತ್ರದಲ್ಲಿಯೇ ಬರೆಸಿಕೊಳ್ಳಿ. ಪಾಲಿಸಿಯ ಮಿತಿ 5,000 ರೂಪಾಯಿ ಇದ್ದು 8,000 ರೂಪಾಯಿಯ ಕೊಠಡಿಯಲ್ಲಿ ಉಳಿದರೆ, ವೈದ್ಯರ ಶುಲ್ಕ ಮೊದಲಾದವುಗಳಲ್ಲಿಯೂ ಎಂಟರಲ್ಲಿ ಐದು ಪಾಲು ಮಾತ್ರ ಬರುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಆದರೆ 2020ರ ಮಾರ್ಗಸೂಚಿಯಂತೆ ಔಷಧಿ, ಬಳಕೆ ಸಾಮಗ್ರಿ, ವೈದ್ಯಕೀಯ ಸಾಧನ ಹಾಗೂ ತಪಾಸಣೆಗಳ ವೆಚ್ಚಕ್ಕೆ ಈ ಕಡಿತವನ್ನು ಅನ್ವಯಿಸುವಂತಿಲ್ಲ. ಗಿರಣಿಯವರ ಕ್ಲೇಮಿನಲ್ಲಿ ಸೂಜಿಯ ಬೆಲೆಯನ್ನೂ ಕಡಿತಗೊಳಿಸಲಾಗಿತ್ತು. ಈ ನಿಯಮವನ್ನು ಉಲ್ಲೇಖಿಸಿ ಬರೆದ ಮೇಲೆ ಆ ಮೊತ್ತ ಮರಳಿ ಬಂದಿತು.

ಅವರ ಕ್ಲೇಮು ನಿಂತದ್ದು ಮುಖ್ಯವಾಗಿ ಮತ್ತೊಂದು ಕಾರಣದಿಂದ. ಪ್ರಸ್ತಾವನೆಯಲ್ಲಿ ಹೆಪಟೈಟಿಸ್ ಬಿ ಸೋಂಕನ್ನು ಬರೆಯುವುದು ಬೇಡವೆಂದು ಏಜೆಂಟರು ಹೇಳಿದರೂ ಇವರು ಬರೆದಿದ್ದರು. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿಯ ಗರಿಷ್ಠ ಮಿತಿ 2024ರ ಏಪ್ರಿಲ್‌ನಿಂದ 48ರ ಬದಲು 36 ತಿಂಗಳು. ಮರೆಮಾಚಿದವರ ಕ್ಲೇಮನ್ನು ಐದು ವರ್ಷ ಪೂರ್ಣವಾಗುವವರೆಗೆ ಪ್ರಶ್ನಿಸಬಹುದು. ವಂಚನೆ ಸಾಬೀತಾದರೆ ಆನಂತರವೂ.

ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ವಿಮೆಯ ಮೇಲಿದ್ದ ಶೇಕಡ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ. ನೌಕರರಿಗೆಂದು ಕೊಳ್ಳುವ ಗುಂಪು ಪಾಲಿಸಿಗೆ ಈ ವಿನಾಯಿತಿ ಇಲ್ಲ. ಮಾಲೀಕರ ಸ್ವಂತ ಚಿಕಿತ್ಸೆಯ ಖರ್ಚನ್ನು ವ್ಯಾಪಾರದ ಖರ್ಚೆಂದು ತೋರಿಸಲು ಬರುವುದಿಲ್ಲ. ಪ್ರತಿ ವರ್ಷ ಯಾರಾದರೂ ಕೇಳುವ ಪ್ರಶ್ನೆಯಿದು. 1961ರ ಕಾಯ್ದೆಯಲ್ಲಿ 80ಡಿ ಎಂದು ಪರಿಚಿತವಾಗಿದ್ದ ಕಡಿತದ ಮಿತಿಯೊಳಗೆ ಮುಂಜಾಗ್ರತಾ ತಪಾಸಣೆಗೆ 5,000 ರೂಪಾಯಿಯವರೆಗೆ ಅವಕಾಶವಿದೆ, ಅದನ್ನು ನಗದಾಗಿ ಪಾವತಿಸಿದರೂ ಸರಿ. ಅಲ್ಟ್ರಾಸೌಂಡ್ ಇದರಲ್ಲಿ ಬರುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ 80ಡಿಡಿಬಿಯ ಅಡಿ 40,000 ರೂಪಾಯಿ, ಹಿರಿಯ ನಾಗರಿಕರಿಗೆ ಒಂದು ಲಕ್ಷ ರೂಪಾಯಿಯವರೆಗೆ ಕಡಿತ. ವಿಮೆಯಿಂದ ಬಂದ ಹಣವನ್ನು ಇದರಲ್ಲಿ ಕಳೆಯಬೇಕು, ತಜ್ಞರ ಲಿಖಿತ ಸಲಹೆಚೀಟಿಯೂ ಬೇಕು. ಸೆಕ್ಷನ್ ಸಂಖ್ಯೆಗಳು 2025ರ ಹೊಸ ಕಾಯ್ದೆಯಲ್ಲಿ ಬದಲಾಗಿವೆ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ಎರಡೂ ಕಡಿತಗಳಿಲ್ಲ. ಆಸ್ಪತ್ರೆಗೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಡಲು ಹೋಗಬೇಡಿ. ಪಡೆಯುವುದು ಅವರಿಗೆ ನಿಷಿದ್ಧ.

ಚಿಕಿತ್ಸೆಯ ಸುಮಾರು ಒಂದು ತಿಂಗಳ ನಂತರ, ಗಡ್ಡೆ ಪೂರ್ಣವಾಗಿ ಸುಟ್ಟಿದೆಯೇ ಎಂದು ನೋಡಲು ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ. ಆಮೇಲೆ ಮೂರು ತಿಂಗಳಿಗೊಮ್ಮೆ. ಡಿಸ್ಚಾರ್ಜ್ ಆದ 60 ದಿನಗಳವರೆಗಿನ ವೆಚ್ಚವನ್ನು ಅನೇಕ ಪಾಲಿಸಿಗಳು ಭರಿಸುವುದರಿಂದ ಮೊದಲ ಸ್ಕ್ಯಾನಿನ ಹಣ ಮರಳಿ ಪಡೆಯಬಹುದು, ಮೂಲ ರಸೀದಿ ಇಟ್ಟುಕೊಂಡಿದ್ದರೆ. ಎರಡನೆಯದರಿಂದ ಮುಂದಿನವು ಸಾಮಾನ್ಯವಾಗಿ ಹೊರರೋಗಿ ವೆಚ್ಚಗಳು; ಅವುಗಳಿಗೆ ಮನೆಯ ಖರ್ಚಿನಲ್ಲಿಯೇ ಹಣ ತೆಗೆದಿಡಬೇಕಾಗುತ್ತದೆ.